ಗಂಗವ್ವನ ‘ಬರ್ತೀವ್ರಿ’

ಹಡರ್ಸ್‌ಫೀಲ್ಡಿನ ಒಂದು ಪ್ರೈಮರಿ ಶಾಲೆಯ ಮುಂದೆ, ರಸ್ತೆಯ ನಟ್ಟನಡುವೆ, ಒಂದು ಕಾಂಕ್ರೀಟಿನ ಜಗಲಿ ಇದೆ. ಮಂಚದಷ್ಟು ಅಗಲ, ಅಷ್ಟೇ. ದಾಟುವವರು ಅರ್ಧಕ್ಕೆ ನಿಂತು ಉಸಿರು ಬಿಡಲಿ ಅಂತ ಕೌನ್ಸಿಲ್‌ನವರು ಕಟ್ಟಿಸಿದ್ದು. ಇಲ್ಲಿನವರು ಅದನ್ನು ಐಲ್ಯಾಂಡ್ ಅನ್ನುತ್ತಾರೆ. ಸಮುದ್ರವಿಲ್ಲ, ತೆಂಗಿನ ಮರವಿಲ್ಲ, ಎರಡೂ ಕಡೆಯಿಂದ ಬರ್ರೆಂದು ಬರುವ ವ್ಯಾನುಗಳು, ಮೇಲಿಂದ ಜಿಟಿಜಿಟಿ ಮಳೆ. ಆದರೂ ದ್ವೀಪ. ಶಾಲೆ ಶುರುವಾಗುವ ಹೊತ್ತಿಗೂ ಬಿಡುವ ಹೊತ್ತಿಗೂ ಈ ದ್ವೀಪವನ್ನು ಆಳುವವಳು ಇಳಕಲ್ಲಿನ ಗಂಗವ್ವ.

ಕೆಲಸದ ಹೆಸರು ಲಾಲಿಪಾಪ್ ಲೇಡಿ. ನಗಬೇಡಿ, ಸರಕಾರಿ ನೌಕರಿ ಅದು. ಉದ್ದ ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಷ್ಟು ದೊಡ್ಡ ಹಲಗೆ, ಹಲಗೆಯ ಮೇಲೆ ‘ಸ್ಟಾಪ್’. ಅದನ್ನು ಎತ್ತಿ ಹಿಡಿದರೆ ಎಂಥ ಲಾರಿಯೂ ನಿಲ್ಲಬೇಕು. ಕೆಲಸಕ್ಕೆ ಸೇರುವಾಗ ಇಂಟರ್‌ವ್ಯೂ ಮಾಡಿದ ದೊರೆಸಾನಿ, “ಟ್ರಾಫಿಕ್ ನಿಲ್ಲಿಸೋ ಅನುಭವ ಇದೆಯಾ?” ಅಂತ ಕೇಳಿದಳಂತೆ. ಗಂಗವ್ವ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, “ಐ ಸ್ಟಾಪ್ ಬಫೆಲೋ,” ಅಂದಳು. ಕೆಲಸ ಸಿಕ್ಕಿತು.

ಆ ಕೆಲಸಕ್ಕೆ ಎರಡು ನಿಯಮಗಳಿವೆ ಅಂತ ಗಂಗವ್ವ ಯಾರು ಸಿಕ್ಕರೂ ಹೇಳುತ್ತಾಳೆ. ಒಂದು ಕಡೆಯ ಗಾಡಿ ನಿಂತರೆ ಸಾಲದು, ಎರಡೂ ಕಡೆ ನಿಂತ ಮೇಲೇ ಮಕ್ಕಳ ಕಾಲು ರಸ್ತೆಗೆ ಇಳಿಯಬೇಕು. ಮತ್ತೆ ಯಾವ ಡ್ರೈವರಿಗೂ ‘ನೀ ಮೊದಲು ಹೋಗು’ ಅಂತ ಕೈಸನ್ನೆ ಮಾಡಬಾರದು. ಮಾಡಿದರೆ ಇನ್ನೊಬ್ಬ ಹಾರ್ನ್ ಹೊಡೆದು ಕಿವಿ ಹರಿಯುತ್ತಾನೆ. ಅವಳ ಗಂಡ ಕರಬಸಪ್ಪ ಉಣ್ಣೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಲು ಬಂದವನು. ಗಿರಣಿಯ ಸದ್ದಿಗೆ ಮಾತಾಡಿ ಪ್ರಯೋಜನವಿಲ್ಲ ಅಂತ ಬಿಟ್ಟವನು, ಗಿರಣಿ ಬಿಟ್ಟ ಮೇಲೂ ಶುರು ಮಾಡಲಿಲ್ಲ. “ಹೂಂ” ಅನ್ನುತ್ತಾನೆ. ತೀರಾ ಸಂತೋಷವಾದರೆ “ಹೂಂಹೂಂ” ಅನ್ನುತ್ತಾನೆ. ಮನೆಯ ಮಾತನ್ನೆಲ್ಲ ಗಂಗವ್ವನೇ ಆಡಿ ಮುಗಿಸಬೇಕು.

ಹಾಗೆ ಮಾತೇ ಬಂಡವಾಳವಾದ ಹೆಂಗಸಿನ ಮಾತಿಗೆ ಒಂದು ದಿನ ಪೆಟ್ಟು ಬಿತ್ತು. ಈ ಕತೆಯೆಲ್ಲ ಶುರುವಾದದ್ದು ಅಲ್ಲಿಂದ.

ಆಗ ಇಂಗ್ಲೆಂಡಿನ ಈ ಭಾಗಕ್ಕೆಲ್ಲ ಸೇರಿ ಒಂದೇ ಕನ್ನಡ ಸಂಘವಿತ್ತು. ಮ್ಯಾಂಚೆಸ್ಟರಿನಲ್ಲಿ ಯುಗಾದಿ. ಅಡುಗೆ ಮನೆಯ ಉಸ್ತುವಾರಿ ಗಂಗವ್ವನದು. ಭಾಷಣದ ಮೇಲೆ ಭಾಷಣ, ಪಲ್ಯ ಆರುತ್ತಿದೆ. ಯಾರೋ ಮೈಕ್ ಕೈಗೆ ಕೊಟ್ಟು, ಊಟಕ್ಕೆ ಕರೆಯಿರಿ ಅಂದರು. ಗಂಗವ್ವ ವೇದಿಕೆ ಹತ್ತಿ ಕರೆದಳು: “ಎಲ್ಲಾರೂ ಉಣ್ಣಾಕ ನಡೀರಿ, ಬದನಿಕಾಯಿ ಪಲ್ಯಾ ಆರಾಕತ್ತೈತಿ!”

ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು. ಅವಳು ತಮಾಷೆ ಮಾಡಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ “ಒನ್ಸ್ ಮೋರ್!” ಅಂತ ಕೂಗಿದರು, ನಾಟಕ ಕಂಪನಿ ಬಂದಿದೆಯೋ ಎಂಬಂತೆ. ಮೊದಲ ಸಾಲಿನಲ್ಲಿ ಮೂಳೆ ಡಾಕ್ಟರ್ ರಾಜಶೇಖರ, ಸಂಘದ ಅಧ್ಯಕ್ಷ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಕರವಸ್ತ್ರ ತೆಗೆದ. ಗಂಗವ್ವ ತಾನೂ ನಕ್ಕಳು, ಏನು ಮಾಡುತ್ತಾಳೆ ಪಾಪ. ಊಟ ಬಡಿಸಿದಳು, ಪಾತ್ರೆ ತೊಳೆದಳು, ಕಾರು ಹತ್ತಿದಳು. ಮೋಟಾರ್‌ವೇಗೆ ಬಂದ ಮೇಲೆ ಅತ್ತಳು.

“ನನ್ನ ಬಾಯಾಗಿನ ಮಾತು ಇವ್ರಿಗೆ ಗೊಂಬಿ ಆಟ ಆತಲ್ರೀ?” ಅಂದಳು.

“ಹೂಂ,” ಅಂದ ಕರಬಸಪ್ಪ. ಆದರೆ ಅವತ್ತಿನ ಹೂಂ ಬೇರೆ ಥರ ಇತ್ತು.

ಮುಂದಿನ ಶನಿವಾರವೇ ಗಂಗವ್ವ ತನ್ನ ಬೀದಿಯ ಹಳೇ ಚರ್ಚಿನ ಹಾಲನ್ನು ಬಾಡಿಗೆಗೆ ಹಿಡಿದಳು. ಇಳಕಲ್ಲು, ವಿಜಯಪುರ, ಬೀದರ್ ಕಡೆಯ ಕೆಲವು ಮನೆಗಳವರು ಸೇರಿದರು. ಹೆಸರು ‘ಕಟ್ಟೆ’. ಅಲ್ಲಿ ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ, ಮೈಕ್ ಅಂತೂ ಇಲ್ಲವೇ ಇಲ್ಲ. ಬರುವುದು, ಕೂರುವುದು, ಅವರವರ ಊರಿನ ಕನ್ನಡದಲ್ಲಿ ಹರಟೆ ಹೊಡೆಯುವುದು, ಉಣ್ಣುವುದು, ಹೋಗುವುದು. ಇಲ್ಲೇ ಹುಟ್ಟಿದ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಬೈಯುವಾಗ ಮಾತ್ರ ಗಂಗವ್ವನ ಕನ್ನಡವನ್ನೇ ಬಳಸಲು ಕಲಿತರು. ಅಷ್ಟಾದರೂ ಆಯಿತಲ್ಲ.

ಇತ್ತ ದೊಡ್ಡ ಸಂಘ ಒಡೆಯಿತು. ಯಾಕೆ ಗೊತ್ತೇ? ಒಂದು ಶಾಲಿಗೆ. ಬೆಂಗಳೂರಿನಿಂದ ಒಬ್ಬರು ಅತಿಥಿ ಬಂದಿದ್ದರು. ಹಳೇ ಅಧ್ಯಕ್ಷ ರಾಜಶೇಖರ ಇನ್ನೂ ಕುರ್ಚಿ ಬಿಟ್ಟಿರಲಿಲ್ಲ, ಹೊಸ ಅಧ್ಯಕ್ಷೆ ಸಂಯುಕ್ತಾ ಆಗಲೇ ಕುರ್ಚಿಯಲ್ಲಿ ಕೂತಿದ್ದಳು. ಮೈಸೂರಿನ ಹುಡುಗಿ, ಲೀಡ್ಸಿನಲ್ಲಿ ದೊಡ್ಡ ಕಂಪನಿಯ ಮ್ಯಾನೇಜರು, ಮಾತು ಬೆಣ್ಣೆ, ಹಟ ಕಬ್ಬಿಣ. ಹೊದಿಸುವವರು ಇಬ್ಬರು, ಶಾಲು ಒಂದು. ಆ ತುದಿ ಅವನು ಹಿಡಿದ, ಈ ತುದಿ ಅವಳು ಹಿಡಿದಳು, ಅತಿಥಿ ನಡುವೆ ಕಣ್ಣು ಪಿಳಿಪಿಳಿ ಬಿಡುತ್ತ ನಿಂತರು. ಶಾಲು ಹರಿಯಲಿಲ್ಲ, ಗಟ್ಟಿ ಮಾಲು. ಸಂಘ ಹರಿಯಿತು. ರಾಜಶೇಖರ ಮ್ಯಾಂಚೆಸ್ಟರಿನವರನ್ನು ಹಿಡಿದುಕೊಂಡ, ಸಂಯುಕ್ತಾ ಲೀಡ್ಸಿನಲ್ಲಿ ಹೊಸದು ಕಟ್ಟಿದಳು. ಅವನು ದೀಪಾವಳಿಗೆ ಗಾಯಕರನ್ನು ಕರೆಸಿದರೆ ಇವಳು ಅದೇ ದಿನ ನಗೆಹಬ್ಬ ಇಟ್ಟಳು. ಇಬ್ಬರೂ ತಮ್ಮದೇ ಉತ್ತರ ಇಂಗ್ಲೆಂಡಿನ ಅತಿ ದೊಡ್ಡ ಕನ್ನಡ ಸಂಘ ಅಂತ ಡಂಗುರ ಹೊಡೆದರು. ತಲೆ ಎಣಿಸಿದರೆ ಎರಡೂ ಸರಿಸಮ. ನಟ್ಟನಡುವೆ ಹಡರ್ಸ್‌ಫೀಲ್ಡಿನ ಕಟ್ಟೆ. ಯಾರ ಕಡೆ ವಾಲಿದರೆ ಅವರೇ ದೊಡ್ಡವರು. ಹಾಗಾಗಿ ಗಂಗವ್ವನಿಗೆ ಇದ್ದಕ್ಕಿದ್ದಂತೆ ಭಾರೀ ಮರ್ಯಾದೆ ಬಂತು.

ಮೊದಲು ಕರೆದವನು ರಾಜಶೇಖರ. ಮ್ಯಾಂಚೆಸ್ಟರಿನ ಆಚೆ ಅವನ ಮನೆ, ಮನೆಯೊಳಗೆ ಬಿಳಿ ಸೋಫಾ, ಕೂರಲು ಭಯವಾಗುವಂಥದ್ದು.

“ನಿಮ್ಮ ಕಟ್ಟೆ ಒಳ್ಳೇ ಪ್ರಯತ್ನ ಗಂಗವ್ವನವರೇ. ಆದ್ರೆ ಚಿಕ್ಕದು,” ಅಂದ. ಅವನದು ಅಪ್ಪಟ ಬೆಂಗಳೂರು ಕನ್ನಡ. “ನಮ್ಮ ಜೊತೆ ಸೇರ್ಕೊಂಬಿಡಿ. ಆಮೇಲೆ ನೀವು ಶನಿವಾರ ಅಲ್ಲಿ ಸೇರೋ ಅಗತ್ಯಾನೇ ಇರಲ್ಲ. ಮಕ್ಕಳಿಗೆ ಶುದ್ಧ ಕನ್ನಡ ಕಲಿಸೋಕೂ ನಮ್ಮಲ್ಲಿ ಟೀಚರ್ ಇದ್ದಾರೆ.”

ಶುದ್ಧ ಅಂದರೆ ಇವಳದು ಕೊಳಕು ಅಂತ ತಾನೆ? ಗಂಗವ್ವ ತಟ್ಟೆಗೆ ಕೈ ಹಾಕಿದಳು. ಬಾಯಿಗೆ ಕೋಡುಬಳೆ ತುರುಕಿಕೊಂಡಳು, ಉತ್ತರ ಕೊಡುವ ತಾಪತ್ರಯ ತಪ್ಪಿತು. ಸಾಕಪ್ಪ ಅನ್ನಿಸಿ ಎದ್ದಳು. ಬಾಗಿಲ ಬಳಿ ಬಗ್ಗಿ ಬೂಟು ಹಾಕಿಕೊಳ್ಳುತ್ತಿದ್ದಳು. ಹೊರಗೆ ಕರಬಸಪ್ಪ ಕಾರು ಸ್ಟಾರ್ಟ್ ಮಾಡಿದ್ದ. ಮೇಲಿನಿಂದ ರಾಜಶೇಖರ, “ಹಾಗಾದ್ರೆ ನಮ್ಮ ಕಡೆ ಬರ್ತೀರಿ ತಾನೆ?” ಅಂದದ್ದು ಅವಳ ಕಿವಿಗೆ ಅರ್ಧವೇ ಬಿತ್ತು. ಎದ್ದು, ಕೈ ಮುಗಿದು, ಹೊರಡುವ ಮನುಷ್ಯರು ಏನು ಹೇಳಬೇಕೋ ಅದನ್ನು ಹೇಳಿದಳು.

“ಬರ್ತೀವ್ರಿ.”

ಇನ್ನೇನು ಹೇಳಬೇಕಿತ್ತು ಹೇಳಿ. ಹೋಗುವಾಗ ‘ಹೋಗ್ತೀವಿ’ ಅಂತ ಕನ್ನಡದ ಯಾವ ಬಾಯಿ ಹೇಳುತ್ತದೆ? ಹೆಣ ಹೋಗುತ್ತದೆ, ಮಾನ ಹೋಗುತ್ತದೆ, ಮನುಷ್ಯರು ಮಾತ್ರ ಬರುತ್ತಾರೆ. ಹೊಸಿಲು ದಾಟಿ ಬೆನ್ನು ತಿರುಗಿಸುವಾಗಲೂ ನಾವು ಬರ್ತೀವಿ ಅನ್ನುವ ಜನ. ರಾಜಶೇಖರನಿಗೂ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಬೇಕಾದ ಉತ್ತರವನ್ನೇ ಕಾಯುತ್ತ ನಿಂತವನ ಕಿವಿ ಬೇರೆ.

ಮೊದಲ ಸಲಕ್ಕೆ ಬೂಟು ಕಾರಣ. ಎರಡನೇ ಸಲಕ್ಕೆ ಬರೀ ಅಭ್ಯಾಸ. ಲೀಡ್ಸಿನಲ್ಲಿ ಸಂಯುಕ್ತಾ ಅರಿಸಿನ ಕುಂಕುಮಕ್ಕೆ ಕರೆದಳು. ಕಟ್ಟೆಯ ಹೆಂಗಸರೆಲ್ಲ ಹೋದರು. “ಆಂಟಿ, ಮಕ್ಕಳಿಗೆ ಸ್ಟ್ಯಾಂಡರ್ಡ್ ಕನ್ನಡ ಬೇಕಲ್ವಾ, ನಿಮ್ಮದು ಕೇಳೋಕೆ ಏನೋ ಕ್ಯೂಟ್, ಆದ್ರೆ...” ಅಂತ ಅವಳೂ ಶುರು ಮಾಡಿದಳು. ಇವನಿಗೆ ಶುದ್ಧ, ಇವಳಿಗೆ ಸ್ಟ್ಯಾಂಡರ್ಡ್. ಹೊರಡುವಾಗ ಗಂಗವ್ವನ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ರವಿಕೆ ಕಣ. ಸಂಯುಕ್ತಾ ಹಣೆಗೆ ಕುಂಕುಮ ಇಡುತ್ತ, “ಲೀಡ್ಸ್ ಕಡೆಗೇ ಬರ್ತೀರಿ ಅಂತ ಅಂದ್ಕೊಳ್ಳಲಾ?” ಅಂದಳು. ಕುಂಕುಮ ಕಣ್ಣಿಗೆ ಬೀಳದಿರಲಿ ಅಂತ ಕಣ್ಣು ಮುಚ್ಚಿದ್ದ ಗಂಗವ್ವ ಹೊರಡುವ ಆತುರದಲ್ಲಿ, “ಬರ್ತೀವಿ ತಂಗಿ, ಬರ್ತೀವಿ,” ಅಂದಳು. ಎರಡು ಸಲ.

ಶನಿವಾರ ಕಟ್ಟೆಯಲ್ಲಿ ಎಲ್ಲರ ಫೋನೂ ಒಟ್ಟಿಗೆ ಟಿಣ್ ಅಂದವು. ಮ್ಯಾಂಚೆಸ್ಟರಿನಿಂದ ಬಣ್ಣಬಣ್ಣದ ಪೋಸ್ಟರು: ‘ಹಡರ್ಸ್‌ಫೀಲ್ಡ್ ಕಟ್ಟೆ ಈಗ ನಮ್ಮೊಂದಿಗೆ!’ ಅದನ್ನು ಓದಿ ಬಾಯಿ ಮುಚ್ಚುವಷ್ಟರಲ್ಲಿ ಲೀಡ್ಸಿನದು ಬಂತು. ಅದೇ ಮಾತು, ಬಣ್ಣ ಮಾತ್ರ ಬೇರೆ. ಎರಡರಲ್ಲೂ ಗಂಗವ್ವನ ಫೋಟೋ. ಒಂದರಲ್ಲಿ ಕಣ್ಣು ಮುಚ್ಚಿದ್ದಳು.

“ನೀವು ಹೂಂ ಅಂದ್ರೇನ್ರಿ ಅಕ್ಕಾ?” ಅಂತ ಫಜಲ್ ಕೇಳಿದ. ವಿಜಯಪುರದವನು, ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಕಟ್ಟೆಗೆ ಮೊದಲ ದಿನದಿಂದ ಬಂದವನು.

“ಹೂಂ ಅನ್ನಾಕ ನಾ ಏನು ಕರಬಸಪ್ಪ ಅದೀನೇನು? ಬರ್ತೀವ್ರಿ ಅಂದೆ. ಹೊರಡೂ ಮುಂದ ಮತ್ತೇನಂತಾರ?”

ಎಲ್ಲರಿಗೂ ಅರ್ಥವಾಯಿತು. ನಕ್ಕರು. ಆಮೇಲೆ ನಗು ಅಲ್ಲಲ್ಲೇ ನಿಂತಿತು. ಒಬ್ಬರ ಮಗಳು ಮ್ಯಾಂಚೆಸ್ಟರಿನ ವೇದಿಕೆಯಲ್ಲಿ ನಾಟ್ಯ ಮಾಡುವವಳು, ಇನ್ನೊಬ್ಬರ ಗಂಡ ಲೀಡ್ಸಿನವರ ಬ್ಯಾಡ್ಮಿಂಟನ್ ತಂಡದವನು. ಮ್ಯಾಂಚೆಸ್ಟರಿಗೆ ಇಲ್ಲ ಅಂದರೆ ಒಂದಷ್ಟು ಮನೆಗಳಿಗೆ ಅಲ್ಲಿನ ಬಾಗಿಲು ಮುಚ್ಚುತ್ತದೆ, ಅವರು ಕಟ್ಟೆ ಬಿಡುತ್ತಾರೆ. ಲೀಡ್ಸಿಗೆ ಇಲ್ಲ ಅಂದರೆ ಉಳಿದವರು ಬಿಡುತ್ತಾರೆ. ಯಾರಿಗಾದರೂ ಹೂಂ ಅಂದರೆ ಕಟ್ಟೆಯೇ ಇರುವುದಿಲ್ಲ. ಹೂಂ ಅಂದರೂ ಸಾವು, ಊಹೂಂ ಅಂದರೂ ಸಾವು. ಗಂಗವ್ವ ಹಾಲಿನ ಸುತ್ತ ಕಣ್ಣಾಡಿಸಿದಳು. ಬಣ್ಣ ಎದ್ದ ಗೋಡೆ, ಕುಂಟು ಮೇಜು, ಉಸಿರು ಬಿಟ್ಟರೆ ಹೊಗೆ ಕಾಣುವ ಚಳಿ. ಇಡೀ ಈ ದೇಶದಲ್ಲಿ ಅವಳು ಬಾಯಿ ತೆರೆಯುವ ಮುಂಚೆ ಯೋಚಿಸದ ಜಾಗ ಇದೊಂದೇ. ಇದು ಹೋದರೆ ಅವಳಿಗೂ ಬರೀ ಹೂಂ ಅನ್ನುವುದೊಂದೇ ಉಳಿಯುತ್ತಿತ್ತು.

ಆಗ ಫಜಲ್ ಗಂಟಲು ಸರಿ ಮಾಡಿಕೊಂಡ. ಅವನ ಹೆಂಡತಿ ಮಸರ್ರತ್ ಹಣೆ ಚಚ್ಚಿಕೊಂಡಳು. “ಲ್ಯೋ, ಇನೋ ಫಿರ್ ಶುರು ಹೋಗಯೇ!” ಅಂದಳು, ಇವರು ಮತ್ತೆ ಶುರು ಹಚ್ಚಿಕೊಂಡರು ಅಂತ. ಫಜಲ್ ಗಂಟಲು ಸರಿ ಮಾಡಿಕೊಂಡ ಅಂದರೆ ಆದಿಲಶಾಹಿ ಬಂತು ಅಂತಲೇ ಅರ್ಥ. ಆಪರೇಷನ್ ಥಿಯೇಟರಿನಲ್ಲಿ ಪೇಷೆಂಟುಗಳು ಬೇಗ ನಿದ್ದೆ ಹೋಗುವುದು ಔಷಧಿಗಲ್ಲ, ಇವನ ಇತಿಹಾಸಕ್ಕೆ ಅಂತ ಕಟ್ಟೆಯಲ್ಲಿ ಪ್ರತೀತಿ.

“ಜಂಜಿರಾ ಅಂತ ಕೇಳೀರೇನ್ರಿ? ಕೊಂಕಣದ ಸಮುದ್ರದಾಗ ಒಂದು ಸಣ್ಣ ನಡುಗಡ್ಡಿ. ಹೆಸರಿನ ಅರ್ಥಾನೂ ನಡುಗಡ್ಡಿನೇ. ಆಫ್ರಿಕಾದಿಂದ ಬಂದ ಸಿದ್ದಿ ಜನ ಅದನ್ನ ಆಳಿದ್ರು. ಸುತ್ತ ನೋಡ್ರಿ, ಈ ಕಡೆ ನಮ್ಮ ಬಿಜಾಪುರ, ಆ ಕಡೆ ಮರಾಠರು, ಮ್ಯಾಲೆ ಮೊಘಲರು, ಸಮುದ್ರದಾಗ ಪೋರ್ಚುಗೀಸರು, ಮುಂಬೈದಾಗ ಇಂಗ್ಲಿಷರು. ಎಲ್ಲಾರಿಗೂ ಆ ನಡುಗಡ್ಡಿ ಮ್ಯಾಲಿನ ಕೋಟೆ ಬೇಕು.”

“ಯಾರು ತಗೊಂಡ್ರು?” ಅಂದಳು ಗಂಗವ್ವ.

“ಯಾರೂ ತಗೊಳ್ಳಿಲ್ಲ! ಮೊದಲ ಅಹಮದನಗರದವ್ರಿಗೆ ಸಲಾಮ್ ಅಂದ್ರು. ಅವ್ರು ಮುಳುಗಿದ ಮ್ಯಾಲೆ ನಮ್ಮ ಆದಿಲಶಾಹಿಗೆ ಸಲಾಮ್. ನಮ್ಮವ್ರ ಕೈಲಿ ಏನೂ ಆಗೂದಿಲ್ಲ ಅಂತ ಗೊತ್ತಾದ ಮ್ಯಾಲೆ ಔರಂಗಜೇಬಗ ಸಲಾಮ್. ಮರಾಠರು ಸಮುದ್ರಕ್ಕ ಕಲ್ಲು ತುಂಬಿ ರಸ್ತಾ ಮಾಡಾಕ ಹೋದ್ರು, ಆಗಲಿಲ್ಲ. ಮಳೆಗಾಲಕ್ಕ ಸಿದ್ದಿಗಳ ಹಡಗು ಮುಂಬೈಗೆ ಬಂದು ನಿಂತ್ರ ಇಂಗ್ಲಿಷರ ಪಜೀತಿ ಕೇಳಬ್ಯಾಡ್ರಿ. ಬಾ ಅಂದ್ರ ಮರಾಠರಿಗೆ ಸಿಟ್ಟು, ಹೋಗು ಅಂದ್ರ ಮೊಘಲರಿಗೆ ಸಿಟ್ಟು. ಬಿಜಾಪುರ ಹೋತು, ಮೊಘಲರು ಹೋದ್ರು, ಪೇಶ್ವೆ ಹೋದ್ರು, ಇಂಗ್ಲಿಷರೂ ಗಂಟುಮೂಟೆ ಕಟ್ಟಿದ್ರು. ಜಂಜಿರಾ ಸ್ವಾತಂತ್ರ್ಯ ಬಂದ ಮ್ಯಾಲೇ ದೇಶಕ್ಕ ಕೂಡಿದ್ದು.”

ಗಂಗವ್ವ ಮೊದಲ ಬಾರಿಗೆ ಫಜಲನ ಇತಿಹಾಸಕ್ಕೆ ಕಿವಿ ಕೊಟ್ಟಿದ್ದಳು. “ಅಲ್ಲೋ, ಸಮುದ್ರದ ನಡುವ ಕುಡಿಯಾಕ ನೀರೆಲ್ಲಿದು?”

“ಕೋಟೆಯೊಳಗ ಸಿಹಿನೀರಿನ ಹೊಂಡ ಇದ್ದುವು.”

“ಹಂಗಾದ್ರ ಊಟಾ ನೀರಿಗೆ ಹೊರಗ ಬರೂ ಗರಜಿಲ್ಲ.” ಗಂಗವ್ವ ಮೊಣಕಾಲಿಗೆ ಕೈ ಕೊಟ್ಟು ಎದ್ದಳು. “ಅಂದ್ರ ಅವ್ರೂ ಎಲ್ಲಾರಿಗೂ ‘ಬರ್ತೀವ್ರಿ’ ಅಂದವ್ರೇ. ಅಂದು ಮನ್ಯಾಗ ಕುಂತವ್ರು. ಶಾಣ್ಯಾ ಜನ.”

“ಹೂಂಹೂಂ,” ಅಂದ ಕರಬಸಪ್ಪ. ಎಲ್ಲರೂ ತಿರುಗಿ ಅವನನ್ನು ನೋಡಿದರು.

ಅಲ್ಲೇ ನಿಂತು ಗಂಗವ್ವ ಇಬ್ಬರಿಗೂ ಫೋನ್ ಹಚ್ಚಿದಳು. ಆಡಿದ ಮಾತು ಎರಡೂ ಕಡೆಗೆ ಒಂದೇ, ಸುಳ್ಳು ಒಂದೂ ಇಲ್ಲ. “ಬರ್ತೀವಿ ಅಂದದ್ದು ಖರೇ ಐತ್ರಿ. ನಿಮ್ಮ ಮನಿಗೆ ಒಮ್ಮೆ ನಾವು ಬಂದು ಹೋಗೀವಿ. ಈಗ ನೀವು ಒಮ್ಮೆ ನಮ್ಮ ಕಡಿ ಬರಬೇಕಲ್ಲ, ಅದಽ ರೀತಿ. ರಾಜ್ಯೋತ್ಸವಕ್ಕ ಬರ್ರಿ, ಎಲ್ಲಾರನ್ನೂ ಕರಕೊಂಡು ಬರ್ರಿ.” ಬಂದವರ ಮನೆಗೆ ತಿರುಗಿ ಹೋಗುವುದಿಲ್ಲ ಅಂತ ಯಾರು ಹೇಳುತ್ತಾರೆ? ರಾಜಶೇಖರನಿಗೆ ಅದು ಪಟ್ಟಾಭಿಷೇಕದ ಕರೆಯಂತೆ ಕೇಳಿಸಿತು. ಸಂಯುಕ್ತಾಳಿಗೂ ಹಾಗೇ. ಇನ್ನೊಬ್ಬರಿಗೂ ಹೇಳಿದ್ದೀರಾ ಅಂತ ಇಬ್ಬರೂ ಕೇಳಲಿಲ್ಲ. ಕೇಳಿದ್ದರೆ ಗಂಗವ್ವ ಹೇಳುತ್ತಿದ್ದಳು.

ನವೆಂಬರಿನ ಆ ಭಾನುವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಚರ್ಚಿನ ಹಾಲು ಇರುವ ಬೀದಿ ಕಡಿದಾದ ಏರು, ಎರಡೂ ಬದಿಗೆ ಮನೆಯವರ ಕಾರುಗಳು, ನಡುವೆ ಒಂದೇ ಒಂದು ಗಾಡಿ ತೂರುವಷ್ಟು ದಾರಿ. ಕೆಳಗಿನಿಂದ ರಾಜಶೇಖರನ ಜರ್ಮನ್ ಕಾರು, ಅದರ ಬೆನ್ನಿಗೆ ಮ್ಯಾಂಚೆಸ್ಟರಿನ ಸಾಲು. ಮೇಲಿನಿಂದ ಸಂಯುಕ್ತಾಳ ಕರೆಂಟಿನ ಕಾರು, ಅದರ ಬೆನ್ನಿಗೆ ಲೀಡ್ಸಿನ ಸಾಲು. ಎರಡೂ ಹಾಲಿನ ಬಾಗಿಲ ಮುಂದೆ ಮೂಗಿಗೆ ಮೂಗು ಹಚ್ಚಿ ನಿಂತವು. ಇವನು ಹಿಂದೆ ಸರಿಯಲೊಲ್ಲ, ಅವಳು ಸರಿಯಲೊಲ್ಲಳು. ಹಾರ್ನುಗಳು ಶುರುವಾದವು. ಒಂದು ಕಾರಿನ ಹಿಂದಿನ ಸೀಟಿನಲ್ಲಿ ಮಡಿಸಿಟ್ಟ ಶಾಲು ಬೇರೆ ಕಾಣುತ್ತಿತ್ತು, ಇನ್ನೊಂದರಲ್ಲೂ.

ಗಂಗವ್ವ ಹೊರಗೆ ಬಂದಳು. ಮೈಮೇಲೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಅದರ ಮೇಲೆ ಕಣ್ಣು ಕುಕ್ಕುವ ಹಳದಿ ಡ್ಯೂಟಿ ಕೋಟು, ಕೈಯಲ್ಲಿ ಲಾಲಿಪಾಪ್ ಕೋಲು. ಎದುರು ಮನೆಯ ಮುದುಕಿ ಟೀ ಮಗ್ ಹಿಡಿದು ಕಿಟಕಿ ತೆರೆದು, “ಮದುವೆಯಾ, ಲವ್?” ಅಂತ ಇಂಗ್ಲಿಷಿನಲ್ಲಿ ಕೇಳಿದಳು.

“ನೋ ಲವ್, ಡಿವೋರ್ಸ್,” ಅಂದಳು ಗಂಗವ್ವ.

ಎರಡು ಕಾರುಗಳ ನಡುವೆ ನಿಂತು ಕೋಲು ನೆಲಕ್ಕೆ ಕುಟ್ಟಿದಳು. ಈ ಕಡೆಗೂ ಸ್ಟಾಪ್, ಆ ಕಡೆಗೂ ಸ್ಟಾಪ್. ಹಾರ್ನು ನಿಂತವು. ರಾಜಶೇಖರನಿಗೆ ಅವಮಾನವಾಯಿತು. ಜರತಾರಿ ಪಂಚೆ, ತೆಳು ಚಪ್ಪಲಿ, ಅವಸರದಲ್ಲಿ ಕಾರಿನಿಂದ ಧುಮುಕಿ, “ಏನ್ರೀ ಇದು, ಗಂಗವ್ವನವರೇ, ಅವರನ್ನ ಯಾಕೆ ಕರೆದ್ರಿ...” ಅನ್ನುತ್ತ ಬಂದವನ ಹೆಬ್ಬೆರಳು ಫುಟ್‌ಪಾತಿನ ಕಲ್ಲಿಗೆ ಫಟ್ ಅಂತ ಬಡಿಯಿತು.

“ಯವ್ವಾ! ಸತ್ನೆಬೇ ಯವ್ವಾ! ಬಟ್ಟು ಹ್ವಾತಲ್ಲಬೇ!”

 ಮೂವತ್ತು ವರ್ಷ ಮೂಳೆ ಕೂಡಿಸಿದ ಡಾಕ್ಟರು ಒಂಟಿ ಕಾಲಿನಲ್ಲಿ ಕುಣಿಯುತ್ತಿದ್ದ, ಅಪ್ಪಟ ಬೆಂಗಳೂರು ಕನ್ನಡ ಗಟಾರದ ಪಾಲಾಗಿತ್ತು.

“ಯಾವೂರ್ರಿ ನಿಮ್ದು?” ಅಂದಳು ಗಂಗವ್ವ.

“ಬೆಂಗಳೂರು,” ಅಂದ ಅವನು, ಹಲ್ಲು ಕಚ್ಚಿಕೊಂಡು. “ಮಲ್ಲೇಶ್ವರಂ.”

“ಅದಕಿಂತ ಮೊದಲ?”

ಅವನು ಅವಳ ಕೋಟಿನ ಕತ್ತಿನ ಬಳಿ ಇಣುಕುತ್ತಿದ್ದ ಖಣದ ಅಂಚನ್ನೇ ನೋಡಿದ. ಆಮೇಲೆ ನೆಲ ನೋಡಿದ. “ಗುಳೇದಗುಡ್ಡ.”

ಲೀಡ್ಸಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾರುಗಳ ಕಿಟಕಿ ಇಳಿದವು. ಮ್ಯಾಂಚೆಸ್ಟರಿನವರೇ ನಗತೊಡಗಿದರು. “ಡಾಕ್ಟ್ರೇ, ಒನ್ಸ್ ಮೋರ್!” ಅಂತ ಒಂದು ದನಿ ಬಂತು. ಬೀದಿಗೆ ಬೀದಿಯೇ ಗೊಳ್ಳೆಂದಿತು. ಅದೇ ನಗು. ಗಂಗವ್ವನಿಗೆ ಆ ನಗುವಿನ ಸದ್ದು ಚೆನ್ನಾಗಿ ಗೊತ್ತಿತ್ತು. ಆ ದಿನ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡವನು ಇವನೇ. ಇಳಕಲ್ಲಿನ ಮಾತಿಗೆ ಗುಳೇದಗುಡ್ಡದವನು ನಕ್ಕಿದ್ದ! ನಗಲಿ, ಇವತ್ತು ಇವನೂ ಉಣ್ಣಲಿ, ಅನ್ನಿಸಿತು. ಸುಳ್ಳೇಕೆ, ಎರಡು ಗಳಿಗೆ ಹೊಟ್ಟೆ ತಂಪಾಯಿತು. ಆಮೇಲೆ ಅವನ ಮುಖ ಕಂಡಿತು. ನಗುವ ಜನರ ಜೊತೆ ತಾನೂ ನಗಲು ಹೆಣಗುತ್ತಿದ್ದ, ತುಟಿ ಮಾತ್ರ ಒಪ್ಪುತ್ತಿರಲಿಲ್ಲ.

ಗಂಗವ್ವ ಕೋಲು ತಲೆಯ ಮೇಲಕ್ಕೆ ಎತ್ತಿದಳು.

“ನಗೂದು ಬಂದ್ ಮಾಡ್ರಿ! ಯಾರೂ ನಗಬ್ಯಾಡ್ರಿ. ಬಟ್ಟು ಜಜ್ಜಿದವಗ ನೀವು ಯಾವ ಕನ್ನಡದಾಗ ಅಳಬೇಕಂತೀರಿ?”

ನಗು ನಿಂತಿತು. ಸಂಯುಕ್ತಾ ಕೂಡ ಮೂಗಿನ ಮೇಲಿನ ಕನ್ನಡಕ ಸರಿ ಮಾಡಿಕೊಂಡು ಬೇರೆ ಕಡೆ ನೋಡಿದಳು. ಗಂಗವ್ವ ಎರಡೂ ಕಾರಿಗೆ ಒಟ್ಟಿಗೇ ಹಿಂದೆ ಸರಿಯಲು ಹೇಳಿದಳು, ಯಾರು ಮೊದಲು ಅನ್ನುವ ಮಾತೇ ಎತ್ತಲಿಲ್ಲ. ಎರಡೂ ಸರಿದವು. ಮಸರ್ರತ್ ಐಸ್ ತಂದಳು. ಒಳಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ವೇದಿಕೆ ಇಲ್ಲದ ಹಾಲಿನಲ್ಲಿ ಶಾಲುಗಳಿಗೆ ಕೆಲಸವೇ ಇರಲಿಲ್ಲ. ಕೊನೆಗೆ ಹಾಲು ಚಳಿಯಾಗಿದೆ ಅಂತ ಯಾರೋ ಎರಡನ್ನೂ ಇಬ್ಬರು ಅಜ್ಜಿಯರಿಗೆ ಹೊದಿಸಿದರು. ಶಾಲು ಮಾಡಬೇಕಾದ ಕೆಲಸ ಶಾಲು ಮಾಡಿತು.

ಊಟ ಮುಗಿದು ಹೊರಡುವ ಹೊತ್ತಾಯಿತು. ಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ಮೊದಲು ಸಂಯುಕ್ತಾ ಬಂದು ಕೈ ಹಿಡಿದು, “ತುಂಬಾ ಚೆನ್ನಾಗಿತ್ತು, ಬರ್ತೀವಿ ಆಂಟಿ,” ಅಂದಳು.

ಗಂಗವ್ವ ಒಳಗೆ ತಿರುಗಿ ಇಡೀ ಹಾಲಿಗೆ ಕೇಳುವಂತೆ ಕೂಗಿದಳು. “ಕೇಳಿದ್ರೆಲ್ಲಾ? ಲೀಡ್ಸಿನವ್ರು ಬರ್ತೀವಿ ಅಂದ್ರು! ಫಜಲ್, ಪೋಸ್ಟರ್ ಮಾಡೋ, ಲೀಡ್ಸ್ ಈಗ ಕಟ್ಟೆಯೊಂದಿಗೆ!”

“ಅಯ್ಯೋ ಆಂಟಿ, ನಾನು ಹೊರಡ್ತೀವಿ ಅನ್ನೋ ಅರ್ಥದಲ್ಲಿ...” ಅಂದ ಸಂಯುಕ್ತಾ ಅರ್ಧಕ್ಕೇ ನಿಂತಳು. ಕೆನ್ನೆ ಕೆಂಪಾಯಿತು.

“ನಾನೂ ಅದನ್ನಽ ಅಂದಿದ್ದೆ ತಂಗಿ,” ಅಂದಳು ಗಂಗವ್ವ, ಮೆಲ್ಲಗೆ.

ಹಾಲು ನಕ್ಕಿತು. ಈ ಸಲ ನಗಿಸಿದವಳು ಗಂಗವ್ವನೇ, ಬೇಕಂತಲೇ. ಸಂಯುಕ್ತಾಳೂ ತಲೆ ಚಚ್ಚಿಕೊಂಡು ನಕ್ಕಳು. ತಮ್ಮ ಪೋಸ್ಟರ್ ತೆಗೆಸಿಹಾಕುತ್ತೇನೆ ಅಂದಳು.

ಇದೆಲ್ಲವನ್ನೂ ರಾಜಶೇಖರ ಕುಂಟುತ್ತ ಸರದಿಯಲ್ಲಿ ನಿಂತು ನೋಡಿದ್ದ. ಅವನ ಪೀಕಲಾಟ ಈಗ ಶುರುವಾಯಿತು. ಬರ್ತೀನಿ ಅಂದರೆ ಸಿಕ್ಕಿಬೀಳುತ್ತಾನೆ. ಹೋಗ್ತೀನಿ ಅನ್ನೋಣವೆಂದರೆ, ಎಷ್ಟು ಓದಿದ ಡಾಕ್ಟರಾದರೇನು, ರಾಜ್ಯೋತ್ಸವದ ದಿನ ಉಂಡ ಮನೆಯ ಹೊಸಿಲಲ್ಲಿ ನಿಂತು ಹೋಗ್ತೀನಿ ಅನ್ನಲು ನಾಲಿಗೆ ಹೊರಳಬೇಕಲ್ಲ! ಬಾಯಿ ತೆರೆದ, ಮುಚ್ಚಿದ. “ಓಕೆ, ಥ್ಯಾಂಕ್ಸ್, ಬೈ...” ಅಂತ ಶುರು ಮಾಡಿದ.

“ಇವತ್ತರೆ ಇಂಗ್ಲಿಷ್ ಬಿಡ್ರಿ ಡಾಕ್ಟ್ರ,” ಅಂದಳು ಗಂಗವ್ವ. ಹಿಂದೆ ಫಜಲ್ ಫೋನ್ ಹಿಡಿದು ತಯಾರಾಗಿದ್ದ. ಇಡೀ ಹಾಲು ಕಿವಿಯಾಗಿತ್ತು.

ರಾಜಶೇಖರ ಸುಮ್ಮನೆ ತಲೆ ಆಡಿಸಿ ಹೊರಗೆ ಹೋದ. ಜನರೆಲ್ಲ ಹೋ ಅಂದರು, ತಪ್ಪಿಸಿಕೊಂಡ ಅಂತ. ಗಂಗವ್ವ ಪಾತ್ರೆಗಳ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಕುಂಟು ಹೆಜ್ಜೆಯ ಸದ್ದು. ಅವನು ಕಾರಿನ ತನಕ ಹೋಗಿ ತಿರುಗಿ ಬಂದಿದ್ದ, ಒಬ್ಬನೇ. ಒಳಗೆ ಬರಲಿಲ್ಲ. ಹೊಸಿಲಿನಾಚೆ ನಿಂತು, ಅವಳೊಬ್ಬಳಿಗೇ ಕೇಳುವಷ್ಟು ದನಿಯಲ್ಲಿ ಅಂದ.

“ಅವತ್ತ ಯುಗಾದಿಗೆ ನಾ ನಕ್ಕಿದ್ದೆ. ನಗಬಾರದಿತ್ತು.” ಆಮೇಲೆ, “ಬರ್ತೀನಬೇ ಯಕ್ಕಾ.”

ಗಂಗವ್ವನ ಬಾಯಲ್ಲಿ ಕೂಗು ತಯಾರಿತ್ತು. ಅಷ್ಟು ದಿನ ಕಾದದ್ದೇ ಆ ಮಾತಿಗೆ. ಆದರೆ ಕೂಗಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

“ಹೂಂ, ಬಾ ತಮ್ಮಾ. ಶನಿವಾರ ಬಾ.”

“ಏನಂದ್ರಿ ಅಕ್ಕಾ ಡಾಕ್ಟ್ರು?” ಅಂತ ಫಜಲ್ ಒಳಗಿನಿಂದ ಕೂಗಿದ. “ಮ್ಯಾಂಚೆಸ್ಟರ್ ಪೋಸ್ಟರೂ ಮಾಡ್ಲೇನು?”

“ಬ್ಯಾಡ,” ಅಂದಳು ಗಂಗವ್ವ. “ಆತ ಹೊರಟೆ ಅಂದ, ಅಷ್ಟ.”